ಹಣವಿದ್ದೂ ವಾಪಸ್ ಬಂದ ಚೆಕ್

2020ರ ಸೆಪ್ಟೆಂಬರಿನಲ್ಲಿ ಹುಬ್ಬಳ್ಳಿಯ ಅಧ್ಯಾಪಕರೊಬ್ಬರು ಕರೆಂಟ್ ಬಿಲ್ ಕಟ್ಟಲು ಹೆಸ್ಕಾಂ ಹೆಸರಿಗೆ ಆರು ಸಾವಿರ ರೂಪಾಯಿಯ ಚೆಕ್ ಬರೆದರು. ಬರೆದದ್ದು ಕನ್ನಡದಲ್ಲಿ. ತಾರೀಖಿನಲ್ಲಿ ತಿಂಗಳ ಜಾಗಕ್ಕೆ ಕನ್ನಡದ ಒಂಬತ್ತು, ಅಂದರೆ ೯, ಹಾಕಿದ್ದರು. ಆ ಚೆಕ್ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದ ಹಳಿಯಾಳ ಶಾಖೆಗೆ ಬಂದಾಗ ಅಲ್ಲಿ ಯಾರೋ ಅದನ್ನು ಇಂಗ್ಲಿಷಿನ 6 ಎಂದು ಓದಿದರು. ಸೆಪ್ಟೆಂಬರಿನ ಚೆಕ್ ಜೂನ್ ತಿಂಗಳ ಹಳೇ ಚೆಕ್ ಆಗಿಬಿಟ್ಟಿತು. ಖಾತೆಯಲ್ಲಿ ಹಣವಿತ್ತು, ಆದರೂ ಚೆಕ್ ವಾಪಸ್ ಹೋಯಿತು. ಅಧ್ಯಾಪಕರು ಸುಮ್ಮನಾಗಲಿಲ್ಲ. ಧಾರವಾಡದ ಜಿಲ್ಲಾ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗಕ್ಕೆ ದೂರು ಕೊಟ್ಟರು. 2022ರಲ್ಲಿ ಆಯೋಗ ಬ್ಯಾಂಕಿಗೆ 85,177 ರೂಪಾಯಿ ದಂಡ ಹಾಕಿತು.

ಆರು ಸಾವಿರದ ಚೆಕ್ಕಿಗೆ ಎಂಬತ್ತೈದು ಸಾವಿರ ಯಾಕೆ ಎಂದು ಆಗ ಕೆಲವರು ಕೇಳಿದ್ದುಂಟು. ನನಗೆ ಆ ಮೊತ್ತ ಹೆಚ್ಚೆನಿಸಲಿಲ್ಲ. ಕನ್ನಡದ ಒಂಬತ್ತು ಅವಸರದ ಕಣ್ಣಿಗೆ ಇಂಗ್ಲಿಷಿನ ಆರರಂತೆ ಕಾಣಬಹುದು, ಒಪ್ಪೋಣ. ಆದರೆ ಕನ್ನಡದಲ್ಲಿ ತುಂಬಿದ ಚೆಕ್ಕಿನಲ್ಲಿ ಒಂದೇ ಒಂದು ಅಂಕಿ ಇಂಗ್ಲಿಷಿನದಾಗಿರುತ್ತದೆಯೇ? ಕನ್ನಡದ ಆರು ಹೇಗಿರುತ್ತದೆಂದು ಗೊತ್ತಿದ್ದವರು ಆ ತಪ್ಪು ಮಾಡುವುದೇ ಇಲ್ಲ, ೬ ಬೇರೆ, ೯ ಬೇರೆ. ಚೆಕ್ ಹಾಳೆ ಹಿಂದಿ, ಇಂಗ್ಲಿಷಿನಲ್ಲಿ ಅಚ್ಚಾಗಿದ್ದರೂ ಗ್ರಾಹಕ ಅದನ್ನು ತನ್ನ ಪ್ರಾದೇಶಿಕ ಭಾಷೆಯಲ್ಲಿ ತುಂಬಬಹುದು ಎಂದು ರಿಸರ್ವ್ ಬ್ಯಾಂಕಿನ ಸುತ್ತೋಲೆಯೇ ಹೇಳುತ್ತದೆ. ಹಳಿಯಾಳ ಇರುವುದು ಉತ್ತರ ಕನ್ನಡ ಜಿಲ್ಲೆಯಲ್ಲಿ. ಅಲ್ಲಿನ ಬ್ಯಾಂಕಿನಲ್ಲಿ ಕನ್ನಡ ಅಂಕಿ ಓದುವವರು ಇರಬೇಕೆಂದು ಬಯಸುವುದು ದೊಡ್ಡ ಬೇಡಿಕೆಯಲ್ಲ.

ಹಣ ಸಾಲದೆ ಚೆಕ್ ಬೌನ್ಸ್ ಆದರೆ ಏನೇನಾಗುತ್ತದೆ ಎಂಬುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಹಣವಿದ್ದೂ ಬ್ಯಾಂಕಿನ ತಪ್ಪಿನಿಂದ ಬೌನ್ಸ್ ಆದರೆ ಏನಾಗುತ್ತದೆ ಎಂಬುದು ಅನುಭವಿಸಿದವರಿಗಷ್ಟೇ ಗೊತ್ತು. ಹೆಸ್ಕಾಂ ಒಂದು ಸರ್ಕಾರಿ ಕಂಪನಿ, ಅಧ್ಯಾಪಕರನ್ನು ಅದು ಮುಖ ನೋಡಿ ಅಳೆಯುವುದಿಲ್ಲ. ಅದೇ ಚೆಕ್ ಒಬ್ಬ ವ್ಯಾಪಾರಿಯಿಂದ ಇನ್ನೊಬ್ಬ ವ್ಯಾಪಾರಿಗೆ ಹೋಗಿದ್ದರೆ ಕತೆ ಬೇರೆ.

ನನಗೆ ಪರಿಚಯವಿರುವ ಹಾರ್ಡ್‌ವೇರ್ ಅಂಗಡಿಯವರೊಬ್ಬರಿಗೆ ಹಾಗೇ ಆಯಿತು. ಪೇಂಟ್ ಡಿಸ್ಟ್ರಿಬ್ಯೂಟರಿಗೆ ಅವರು ಕೊಟ್ಟ ಚೆಕ್ ವಾಪಸ್ ಬಂತು. ಅದರ ಜತೆ ಬರುವ ರಿಟರ್ನ್ ಮೆಮೊ ನೋಡಿದ್ದೀರಾ? ಅಂಗೈಯಗಲದ ಚೀಟಿ. ಚೆಕ್ ನಂಬರು, ತಾರೀಖು, ಮೊತ್ತ, ಕೆಳಗೆ ಕಾರಣ. ಹಣವಿಲ್ಲ ಎಂಬುದಕ್ಕೆ ಕೋಡ್ 01, ಸಹಿ ಹೊಂದುತ್ತಿಲ್ಲ ಎಂಬುದಕ್ಕೆ ಕೋಡ್ 12. ಇವರ ಮೆಮೊದಲ್ಲಿ ಇದ್ದದ್ದು ಹನ್ನೆರಡು. ಅವರು ಹಿಂದೆಯೇ ಸಹಿ ಬದಲಿಸಿ, ಹೊಸ ಮಾದರಿ ಸಹಿಯನ್ನು ಶಾಖೆಗೆ ಕೊಟ್ಟು, ಅದೇ ಸಹಿಯಲ್ಲಿ ಎಷ್ಟೋ ಚೆಕ್ ಪಾಸು ಮಾಡಿಸಿಕೊಂಡಿದ್ದವರು. ಬ್ಯಾಂಕಿನಲ್ಲಿ ಸಾಫ್ಟ್‌ವೇರ್ ಬದಲಾದಾಗ ಹಳೆಯ ಸಹಿಯೇ ಮತ್ತೆ ಪರದೆಯ ಮೇಲೆ ಬಂದು ಕೂತಿತ್ತು.

ಆ ಸುದ್ದಿಯನ್ನು ಅವರಿಗೆ ಮೊದಲು ಮುಟ್ಟಿಸಿದ್ದು ಬ್ಯಾಂಕಲ್ಲ, ಡಿಸ್ಟ್ರಿಬ್ಯೂಟರ್ ಕಡೆಯ ವಸೂಲಿ ಹುಡುಗ. ಅಂಗಡಿಯಲ್ಲಿ ಗಿರಾಕಿಗಳು ನಿಂತಿರುವಾಗಲೇ ಬಂದು, "ಅಣ್ಣಾ, ನಿಮ್ಮ ಚೆಕ್ ವಾಪಸ್ ಬಂದೈತೆ. ಸಾಹುಕಾರ್ರು ಕೇಳ್ಕಂಡ್ ಬಾ ಅಂದ್ರು" ಎಂದ. ಹುಡುಗನದೇನೂ ತಪ್ಪಿಲ್ಲ, ಹೇಳಿ ಕಳಿಸಿದ್ದನ್ನು ಹೇಳಿದ. ಆದರೆ ಸಿಮೆಂಟಿನ ದರ ಕೇಳುತ್ತಿದ್ದ ಮೇಸ್ತ್ರಿಯೂ, ನಲ್ಲಿ ಕೊಳ್ಳಲು ಬಂದಿದ್ದ ಹೆಂಗಸೂ ಅದನ್ನು ಕೇಳಿಸಿಕೊಂಡರು. ಇದಾದದ್ದು ದಸರೆಗೆ ಮುಂಚೆ, ಮನೆಮನೆಗೆ ಸುಣ್ಣಬಣ್ಣ ಆಗುವ ದಿನಗಳಲ್ಲಿ. ಪೇಂಟ್ ವ್ಯಾಪಾರಿಗೆ ವರ್ಷದ ದುಡಿಮೆಯೆಲ್ಲ ಆ ಕೆಲವು ವಾರಗಳಲ್ಲೇ. ಉದ್ರಿಗೆ ಮಾಲು ಕಳಿಸುತ್ತಿದ್ದ ಡಿಸ್ಟ್ರಿಬ್ಯೂಟರ್ ಅಂದಿನಿಂದ ಕ್ಯಾಶ್ ಕೈಗೆ ಬಂದರೆ ಮಾತ್ರ ಗಾಡಿ ಬಿಡುತ್ತೇನೆ ಎಂದರು.

ಅಂಗಡಿಯವರು ಬ್ಯಾಂಕಿಗೆ ಹೋದಾಗ ನಾನೂ ಜತೆಗಿದ್ದೆ. ಮ್ಯಾನೇಜರ್ ಒಳ್ಳೆಯ ಮನುಷ್ಯ, ಕೂರಿಸಿ ಮಾತಾಡಿಸಿದರು. "ಸಿಸ್ಟಮ್‌ನಲ್ಲಿ ಹಳೇ ಸಹಿ ಇತ್ತು ಸಾರ್, ಈಗ ಅಪ್‌ಡೇಟ್ ಮಾಡಿಸಿದ್ದೀನಿ. ಚಾರ್ಜು ಹಿಡಿದಿದ್ದನ್ನ ವಾಪಸ್ ಹಾಕ್ತೀವಿ. ಇನ್ನೊಂದು ಚೆಕ್ ಕೊಟ್ಟುಬಿಡಿ, ಪಾಸಾಗುತ್ತೆ" ಎಂದರು.

"ಚೆಕ್ ಇನ್ನೊಂದು ಬರೀಬಹುದು ಸಾರ್. ಅವರ ಹತ್ರ ನನ್ನ ಹೆಸರು ಕೆಟ್ಟಿತಲ್ಲ, ಅದಕ್ಕೇನು ಮಾಡ್ತೀರಿ? ತಪ್ಪು ಬ್ಯಾಂಕಿಂದು ಅಂತ ಅವರಿಗೆ ಒಂದು ಕಾಗದ ಬರೆದುಕೊಡಿ."

"ಹಾಗೆಲ್ಲ ಬರೆದುಕೊಡೋಕೆ ನಮಗೆ ಬರಲ್ಲ ಸಾರ್, ಮೇಲಿನವರು ಒಪ್ಪಲ್ಲ."

ಜಗಳ ನಿಂತದ್ದು ಆ ಕಾಗದದ ಮೇಲೆ. ಚಾರ್ಜಿನ ನಾಲ್ಕು ಕಾಸಿನ ಮೇಲಲ್ಲ, ಆ ಚೆಕ್ಕಿನ ಮೊತ್ತದ ಮೇಲೂ ಅಲ್ಲ. ಬ್ಯಾಂಕ್ ತಾನು ಮಾಡಿದ್ದನ್ನು ಸರಿಪಡಿಸಿದೆ ಎಂದುಕೊಂಡಿತ್ತು. ಸರಿಪಡಿಸಿದ್ದು ತನ್ನ ಲೆಕ್ಕವನ್ನು. ಹೆಸರು ಕೆಟ್ಟದ್ದು ಮೂರನೆಯವರ ಮುಂದೆ, ಅಲ್ಲಿಗೆ ಬ್ಯಾಂಕಿನ ಮಾತು ತಲುಪಲೇ ಇಲ್ಲ. ಹಣ ಕೊಡುವುದಿಲ್ಲ ಎಂದು ಆ ಮೂರನೆಯವರಿಗೆ ಚೀಟಿ ಕಳಿಸಲು ಮೇಲಿನವರ ಒಪ್ಪಿಗೆ ಬೇಕಿರಲಿಲ್ಲ. ತಪ್ಪು ನಮ್ಮದು ಎಂದು ಅದೇ ವಿಳಾಸಕ್ಕೆ ಬರೆಯಲು ಮಾತ್ರ ಒಪ್ಪಿಗೆ ಬೇಕಾಯಿತು.

ಇದು ಹೊಸ ಜಗಳವಲ್ಲ. 1830ರಲ್ಲಿ ಲಂಡನ್ನಿನ ನ್ಯಾಯಾಲಯದ ಮುಂದೆ ಮಾರ್ಜೆಟಿ ಎಂಬ ವ್ಯಾಪಾರಿ ವಿಲಿಯಮ್ಸ್ ಎಂಬ ಬ್ಯಾಂಕರುಗಳ ಮೇಲೆ ಹೂಡಿದ ದಾವೆ ಬಂತು. ಬೆಳಿಗ್ಗೆ ಅವನ ಖಾತೆಗೆ ಹಣ ಕಟ್ಟಿಯಾಗಿತ್ತು. ಮಧ್ಯಾಹ್ನ ಅವನ ಚೆಕ್ ಬಂದಾಗ ಗುಮಾಸ್ತ ಪುಸ್ತಕ ನೋಡಿ ಹಣ ಸಾಲದು ಎಂದುಬಿಟ್ಟ. ಮಾರನೆಯ ದಿನ ಅದೇ ಚೆಕ್ಕಿಗೆ ಹಣ ಕೊಟ್ಟದ್ದೂ ಆಯಿತು. ನಿನಗೆ ಚಿಕ್ಕಾಸಿನ ನಷ್ಟವೂ ಆಗಿಲ್ಲವಲ್ಲ ಎಂದು ಬ್ಯಾಂಕಿನವರು ವಾದಿಸಿದರು. ನ್ಯಾಯಾಧೀಶರು ಒಪ್ಪಲಿಲ್ಲ. ನಷ್ಟವನ್ನು ಲೆಕ್ಕ ಹಾಕಿ ತೋರಿಸದಿದ್ದರೂ ಬ್ಯಾಂಕ್ ತನ್ನ ಕರಾರು ಮುರಿದದ್ದು ಮುರಿದದ್ದೇ, ಪರಿಹಾರವಾಗಿ ನಾಮಮಾತ್ರಕ್ಕಾದರೂ ಕೊಡಲೇಬೇಕು ಎಂದರು. 1854ರಲ್ಲಿ ಬಂದ ರೋಲಿನ್ ಪ್ರಕರಣದಲ್ಲಿ ವ್ಯಾಪಾರಿಯ ಚೆಕ್ ತಪ್ಪಾಗಿ ಹಿಂತಿರುಗಿದರೆ ಅವನ ಹೆಸರಿಗೆ ಪೆಟ್ಟು ಬಿದ್ದೇ ಬೀಳುತ್ತದೆ, ಅದನ್ನು ಬೇರೆಯಾಗಿ ಸಾಬೀತು ಮಾಡಬೇಕಿಲ್ಲ ಎಂದು ತೀರ್ಮಾನವಾಗಿ 200 ಪೌಂಡ್ ಪರಿಹಾರ ಸಿಕ್ಕಿತು.

ಆದರೆ ವ್ಯಾಪಾರಿಯಲ್ಲದವರ ಹೆಸರಿಗೆ ಬೆಲೆ ಇಲ್ಲವೇ? 1939ರಲ್ಲಿ ಗಿಬ್ಬನ್ಸ್ ಎಂಬ ಹೆಂಗಸಿನ ಪ್ರಕರಣ ಬಂತು. ಆಕೆ ಕಟ್ಟಿದ ಹಣವನ್ನು ಬ್ಯಾಂಕ್ ತಪ್ಪಾಗಿ ಬೇರೆಯವರ ಖಾತೆಗೆ ಹಾಕಿತ್ತು. ಮನೆ ಬಾಡಿಗೆಗೆ ಕೊಟ್ಟ ಚೆಕ್ ವಾಪಸ್ ಬಂತು. ಇನ್ನು ಮುಂದೆ ಬಾಡಿಗೆ ನಗದಾಗಿಯೇ ಬೇಕು ಎಂದು ಮನೆ ಮಾಲೀಕರು ಕೂತರು. ನಮ್ಮ ಪೇಂಟ್ ಡಿಸ್ಟ್ರಿಬ್ಯೂಟರ್ ಹೇಳಿದ್ದೂ ಅದನ್ನೇ ಅಲ್ಲವೇ? ಆಕೆ ವ್ಯಾಪಾರ ಮಾಡುವವಳಲ್ಲ ಎಂಬ ಒಂದೇ ಕಾರಣಕ್ಕೆ ನ್ಯಾಯಾಲಯ ಕೊಡಿಸಿದ್ದು ನಲವತ್ತು ಶಿಲಿಂಗ್. ಬಾಡಿಗೆ ಮನೆಯಲ್ಲಿ ಬದುಕಿದ ಯಾರಿಗೂ ಈ ತೀರ್ಪು ಒಪ್ಪಿಗೆಯಾಗದು. ಮನೆ ಮಾಲೀಕರ ಮುಂದೆ ನಂಬಿಕೆ ಕಳೆದುಕೊಂಡ ಸಂಸಾರಸ್ಥರ ಪಾಡು ವ್ಯಾಪಾರಿಯದಕ್ಕಿಂತ ಯಾವ ರೀತಿಯಲ್ಲಿ ಹಗುರ? ಆ ಭೇದವನ್ನು ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ ತೆಗೆದುಹಾಕಿದ್ದು 1996ರಲ್ಲಿ. ಇಂದಿನ ಕಾಲದಲ್ಲಿ ಸಾಲ ಪಡೆಯಲು, ಬದುಕು ನಡೆಸಲು ಎಲ್ಲರಿಗೂ ಒಳ್ಳೆಯ ಹೆಸರು ಬೇಕು, ವ್ಯಾಪಾರಿಗೆ ಮಾತ್ರವಲ್ಲ ಎಂದು ಅದು ಒಪ್ಪಿತು. ಇಷ್ಟು ಸರಳವಾದ ಮಾತು ಒಪ್ಪಿಗೆಯಾಗಲು ಅರ್ಧ ಶತಮಾನಕ್ಕೂ ಹೆಚ್ಚು ಹಿಡಿಯಿತು.

ನಮ್ಮ ದೇಶದಲ್ಲಿ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಆ್ಯಕ್ಟ್ ಬಂದದ್ದು 1881ರಲ್ಲಿ. ಅದರ 31ನೆಯ ಸೆಕ್ಷನ್ ಎಲ್ಲ ಖಾತೆದಾರರೂ ತಿಳಿದಿರಬೇಕಾದದ್ದು. ಖಾತೆಯಲ್ಲಿ ಸಾಕಷ್ಟು ಹಣವಿದ್ದು, ಚೆಕ್ ಕ್ರಮಬದ್ಧವಾಗಿ ಬಂದರೆ ಬ್ಯಾಂಕ್ ಹಣ ಕೊಡಲೇಬೇಕು. ಕೊಡದಿದ್ದರೆ ಅದರಿಂದಾದ ನಷ್ಟವನ್ನು ಚೆಕ್ ಬರೆದವನಿಗೆ ತುಂಬಿಕೊಡಬೇಕು. ಬೇಡಿಕೊಳ್ಳುವ ಮಾತೇ ಇಲ್ಲ, ಅದು ಬ್ಯಾಂಕಿನ ಮೇಲಿರುವ ಹೊಣೆ.

ಆದರೆ ಜನಕ್ಕೆ ಗೊತ್ತಿರುವುದು 138ನೆಯ ಸೆಕ್ಷನ್ ಮಾತ್ರ. 1989ರ ಏಪ್ರಿಲ್ 1ರಿಂದ ಜಾರಿಗೆ ಬಂದ ಅದು, ಹಣವಿಲ್ಲದೆ ಚೆಕ್ ಕೊಟ್ಟವನಿಗೆ ಎರಡು ವರ್ಷದವರೆಗೆ ಜೈಲು, ಚೆಕ್ಕಿನ ಎರಡು ಪಟ್ಟಿನವರೆಗೆ ದಂಡ ವಿಧಿಸುತ್ತದೆ. ಹಣ ಕೈಗೆ ಬಾರದ ಲೇಣಿದಾರನಿಗೆ ಅದು ದೊಡ್ಡ ಆಸರೆ, ಅದರ ಮೇಲೆ ನನಗೆ ತಕರಾರಿಲ್ಲ. 2019ರ ಕೊನೆಗೆ ದೇಶದಲ್ಲಿ ಬಾಕಿಯಿದ್ದ 2.31 ಕೋಟಿ ಕ್ರಿಮಿನಲ್ ಪ್ರಕರಣಗಳಲ್ಲಿ 35.16 ಲಕ್ಷ ಚೆಕ್ ಅಮಾನ್ಯದ್ದೇ ಎಂದು ಸುಪ್ರೀಂ ಕೋರ್ಟ್ ಮುಂದೆ ಬಂದ ಲೆಕ್ಕ ಹೇಳುತ್ತದೆ. ಬೌನ್ಸ್ ಎಂಬ ಶಬ್ದ ಕಿವಿಗೆ ಬಿದ್ದ ಕೂಡಲೇ ಮೋಸ ಎಂಬ ಅನುಮಾನ ಹುಟ್ಟುವಷ್ಟು ಈ ಸೆಕ್ಷನ್ ನಮ್ಮ ಬೀದಿಗಳಲ್ಲಿ ಬೇರೂರಿದೆ. ಸಹಿ ಹೊಂದದೆ ವಾಪಸಾದ ಚೆಕ್ಕೂ ಆ ಸೆಕ್ಷನ್ನಿನ ವ್ಯಾಪ್ತಿಗೆ ಬರಬಹುದು ಎಂದು 2012ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಬೇಕೆಂದೇ ಸಹಿ ಬದಲಿಸಿ ಚೆಕ್ ಕೊಡುವವರು ಇದ್ದಾರೆ, ಅವರನ್ನು ಹಿಡಿಯಲು ಆ ತೀರ್ಪು ಬೇಕಿತ್ತು. ಆದರೆ ನಮ್ಮ ಹಾರ್ಡ್‌ವೇರ್ ಅಂಗಡಿಯವರ ಸ್ಥಿತಿಯನ್ನು ಯೋಚಿಸಿ. ಮೆಮೊ ಕೈಗೆ ಬಂದ ಮೂವತ್ತು ದಿನದೊಳಗೆ ಡಿಸ್ಟ್ರಿಬ್ಯೂಟರ್ ವಕೀಲರ ನೋಟಿಸ್ ಕಳಿಸಬಹುದು. ಅದು ತಲುಪಿದ ಹದಿನೈದು ದಿನದಲ್ಲಿ ಹಣ ಕೊಡದಿದ್ದರೆ ಕೋರ್ಟಿಗೆ ಹೋಗಬಹುದು. ಖಾತೆಯಲ್ಲಿ ಹಣವಿತ್ತು ಎಂದು ತೋರಿಸಿ ಪಾರಾಗಬಹುದು, ನಿಜ. ತೋರಿಸಲು ಕೋರ್ಟಿನ ಮೆಟ್ಟಿಲು ಹತ್ತಬೇಕಾದವರು ಅವರು, ಬ್ಯಾಂಕಿನವರಲ್ಲ.

ಒಂದೇ ಕಾಯಿದೆಯ ಎರಡು ಸೆಕ್ಷನ್‌ಗಳಲ್ಲಿ ಎಷ್ಟು ಅಂತರ ನೋಡಿ. ಚೆಕ್ ಬರೆದವನ ಕಡೆಯಿಂದ ತಪ್ಪಾದರೆ ಅಪರಾಧ, ಅದಕ್ಕೆ ಗಡುವು, ನೋಟಿಸ್, ಜೈಲು ಎಲ್ಲವೂ ಇವೆ. ಬ್ಯಾಂಕಿನ ಕಡೆಯಿಂದ ತಪ್ಪಾದರೆ ಪರಿಹಾರ ಎಂಬ ಒಂದು ಮಾತಿದೆ. ಅದಕ್ಕೆ ಗಡುವೂ ಇಲ್ಲ, ಮೊತ್ತವೂ ಇಲ್ಲ, ಗ್ರಾಹಕ ಹೋಗಿ ಕೇಳುವವರೆಗೆ ಅದು ಪುಸ್ತಕದಲ್ಲೇ ಇರುತ್ತದೆ. ಬ್ಯಾಂಕಿನವರನ್ನು ಜೈಲಿಗೆ ಕಳಿಸಿ ಎಂದು ನಾನು ಹೇಳುತ್ತಿಲ್ಲ. ಆ ಕೌಂಟರಿನ ಹಿಂದೆ ಕೂತ ಹುಡುಗಿ ದಿನವಿಡೀ ಎಷ್ಟು ಚೆಕ್ಕುಗಳನ್ನು ನೋಡಬೇಕು ಎಂಬುದನ್ನು ನಾನು ಕಂಡಿದ್ದೇನೆ.

ಹಿಂದೆ ಚೆಕ್ ಹಾಳೆಯೇ ಶಾಖೆಗೆ ಬರುತ್ತಿತ್ತು. ಸಹಿ ಸ್ವಲ್ಪ ಓರೆಯಾಗಿದ್ದರೆ ಅಧಿಕಾರಿ ಫೋನ್ ಎತ್ತಿ, "ರಾಯರೇ, ಇದು ನೀವೇ ಬರೆದ ಚೆಕ್ಕೇನು?" ಎಂದು ಕೇಳುತ್ತಿದ್ದರು. ಹಾಳೆಯ ಬದಲು ಅದರ ಚಿತ್ರ ಕಳಿಸುವ ವ್ಯವಸ್ಥೆ 2008ರ ಫೆಬ್ರುವರಿಯಲ್ಲಿ ದೆಹಲಿಯಲ್ಲಿ ಶುರುವಾಗಿ, 2011ರಲ್ಲಿ ಚೆನ್ನೈಗೆ ಬಂತು, ನಮ್ಮ ರಾಜ್ಯದ ಚೆಕ್ಕುಗಳೂ ಚೆನ್ನೈ ಗ್ರಿಡ್ ಸೇರಿದವು. ಈಗ ಎಲ್ಲೋ ದೂರದ ಊರಿನ ಕಚೇರಿಯಲ್ಲಿ, ಆ ಖಾತೆದಾರನನ್ನು ಎಂದೂ ಕಾಣದ ಒಬ್ಬರು ಪರದೆಯ ಎಡಕ್ಕೆ ಚೆಕ್ಕಿನ ಚಿತ್ರ, ಬಲಕ್ಕೆ ಮಾದರಿ ಸಹಿ ಇಟ್ಟುಕೊಂಡು ತೀರ್ಮಾನ ಮಾಡುತ್ತಾರೆ. ವಯಸ್ಸಾಗಿ ಕೈ ನಡುಗುವ ಪಿಂಚಣಿದಾರರ ಸಹಿ ಪರದೆಯ ಮೇಲೆ ಬೇರೆಯವರದೇ ಆಗಿ ಕಾಣುತ್ತದೆ. 2025ರ ಅಕ್ಟೋಬರ್ 4ರಿಂದ ವೇಗ ಇನ್ನೂ ಹೆಚ್ಚಿದೆ. ಬೆಳಿಗ್ಗೆಯಿಂದಲೇ ಚೆಕ್ಕುಗಳ ಚಿತ್ರ ಒಂದೇ ಸಮನೆ ಹರಿದುಬರುತ್ತದೆ. ಸಂಜೆ ಏಳರೊಳಗೆ ಬ್ಯಾಂಕ್ ಹೌದು, ಅಲ್ಲ ಎನ್ನದಿದ್ದರೆ ಚೆಕ್ ಪಾಸಾಯಿತೆಂದೇ ಲೆಕ್ಕ. ಹಣ ಬರಬೇಕಾದವರಿಗೆ ಇದು ದೊಡ್ಡ ಅನುಕೂಲ, ಮನಸಾರೆ ಮೆಚ್ಚುತ್ತೇನೆ. ಆದರೆ ವಾಪಸ್ ಮಾಡುವ ತೀರ್ಮಾನವೂ ಈಗ ಅದೇ ವೇಗದಲ್ಲಿ ಆಗುತ್ತದೆ. ಸಂಜೆಯೊಳಗೆ ಒಬ್ಬರ ಹೆಸರು ಕೆಡಿಸಬಲ್ಲ ಬ್ಯಾಂಕಿಗೆ, ಅದನ್ನು ಸರಿಪಡಿಸಲು ವಾರಗಟ್ಟಲೆ ಸಮಯ ಯಾಕೆ ಬೇಕು?

ತಾಂತ್ರಿಕ ಕಾರಣಕ್ಕೆ, ಗ್ರಾಹಕನ ತಪ್ಪಿಲ್ಲದೆ ಚೆಕ್ ಹಿಂತಿರುಗಿದರೆ ಚಾರ್ಜು ಹಿಡಿಯಕೂಡದು ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಹೇಳಿದೆ. ಹಾಗೆ ಹಿಂತಿರುಗಿದ ಚೆಕ್ಕನ್ನು ಬ್ಯಾಂಕೇ ಇಪ್ಪತ್ತನಾಲ್ಕು ಗಂಟೆಯೊಳಗಿನ ಮುಂದಿನ ಕ್ಲಿಯರಿಂಗಿಗೆ ಮತ್ತೆ ಹಾಕಿ, ಗ್ರಾಹಕರಿಗೆ ಎಸ್ಸೆಮ್ಮೆಸ್ಸಿನಲ್ಲಿ ತಿಳಿಸಬೇಕು ಎಂದೂ ಹೇಳಿದೆ. ಆದ್ದರಿಂದ ಹಿಡಿದ ಚಾರ್ಜನ್ನು ಮ್ಯಾನೇಜರ್ ವಾಪಸ್ ಹಾಕಿದರೆ ಉಪಕಾರ ಮಾಡಿದಂತಲ್ಲ, ನಿಯಮ ಪಾಲಿಸಿದಂತೆ. ಅಷ್ಟಕ್ಕೇ ಥ್ಯಾಂಕ್ಸ್ ಹೇಳಿ ಎದ್ದು ಬರಬೇಡಿ.

ಬಾಯಿಮಾತಿನ ದೂರು ದೂರಲ್ಲ. ರಿಟರ್ನ್ ಮೆಮೊ, ಅಂದಿನ ಬ್ಯಾಲೆನ್ಸ್ ತೋರಿಸುವ ಪಾಸ್‌ಬುಕ್ ಪುಟ, ಎದುರು ಪಾರ್ಟಿ ಕಳಿಸಿದ ನೋಟಿಸ್ ಅಥವಾ ವಾಟ್ಸಾಪ್ ಸಂದೇಶ, ಕ್ಯಾಶಿಗೆ ಮಾಲು ತಂದ ಬಿಲ್ಲುಗಳು ಇವೆಲ್ಲ ಜತೆಗಿಟ್ಟು ಬರವಣಿಗೆಯಲ್ಲಿ ದೂರು ಕೊಟ್ಟು, ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಬೇಕು. ಮೂವತ್ತು ದಿನದಲ್ಲಿ ಉತ್ತರ ಬರದಿದ್ದರೆ, ಬಂದದ್ದು ಒಪ್ಪಿಗೆಯಾಗದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ. 2021ರ ನವೆಂಬರ್ 12ರಂದು ಜಾರಿಗೆ ಬಂದ ಏಕೀಕೃತ ಯೋಜನೆಯಲ್ಲಿ ದೂರಿಗೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ನಷ್ಟಕ್ಕೆ 20 ಲಕ್ಷದವರೆಗೆ, ಅದಲ್ಲದೆ ಅಲೆದಾಟಕ್ಕೆ, ಮನಸ್ಸಿಗಾದ ನೋವಿಗೆ 1 ಲಕ್ಷದವರೆಗೆ ಕೊಡಿಸುವ ಅಧಿಕಾರ ಆ ಯೋಜನೆ ಅವರಿಗೆ ಕೊಟ್ಟಿತು. ಗ್ರಾಹಕರ ಆಯೋಗದ ದಾರಿಯೂ ತೆರೆದಿದೆ. ಎರಡು ವರ್ಷದೊಳಗೆ ಹೋಗಬೇಕು, ನಮ್ಮ ವಾದವನ್ನು ನಾವೇ ಮಂಡಿಸಬಹುದು. ಹುಬ್ಬಳ್ಳಿಯ ಅಧ್ಯಾಪಕರು ಹಿಡಿದದ್ದು ಈ ದಾರಿ.

ಹಾರ್ಡ್‌ವೇರ್ ಅಂಗಡಿಯವರು ಬರವಣಿಗೆಯಲ್ಲಿ ಕೊಟ್ಟ ಮೇಲೆ ಬ್ಯಾಂಕಿನ ವಲಯ ಕಚೇರಿಯಿಂದ ಉತ್ತರವೊಂದು ಬಂತು. ಅನಾನುಕೂಲಕ್ಕೆ ವಿಷಾದಿಸುತ್ತೇವೆ ಎಂದಿತ್ತು. ತಪ್ಪು ಯಾರದು ಎಂದಿರಲಿಲ್ಲ. ಪತ್ರ ಬಂದದ್ದು ಅವರ ಹೆಸರಿಗೆ, ಡಿಸ್ಟ್ರಿಬ್ಯೂಟರ್ ಹೆಸರಿಗಲ್ಲ. ಅವರೇ ಅದರ ಜೆರಾಕ್ಸ್ ಮಾಡಿಸಿ, ಸ್ಕೂಟರಿನಲ್ಲಿ ಡಿಸ್ಟ್ರಿಬ್ಯೂಟರ್ ಗೋದಾಮಿಗೆ ಹೋಗಿ, ತಾನು ಕಳ್ಳನಲ್ಲ ಎಂದು ತೋರಿಸಿ ಬರಬೇಕಾಯಿತು. ಉದ್ರಿ ಮತ್ತೆ ಶುರುವಾಗುವ ಹೊತ್ತಿಗೆ ದೀಪಾವಳಿ ಮುಗಿದಿತ್ತು. ಆ ಹಬ್ಬದ ವ್ಯಾಪಾರವನ್ನು ಯಾವ ಓಂಬುಡ್ಸ್‌ಮನ್ನಿಗೂ ಲೆಕ್ಕ ಹಾಕಿ ಕೊಡಿಸುವುದು ಕಷ್ಟ, ಆಗದೆ ಹೋದ ಮಾರಾಟಕ್ಕೆ ಬಿಲ್ಲು ಇರುವುದಿಲ್ಲವಲ್ಲ.

ಆದ್ದರಿಂದ ರಿಸರ್ವ್ ಬ್ಯಾಂಕ್ ಒಂದು ಸುತ್ತೋಲೆ ಹೊರಡಿಸಲಿ ಎಂಬುದು ನನ್ನ ಬೇಡಿಕೆ. ಚೆಕ್ಕನ್ನು ತಪ್ಪಾಗಿ ವಾಪಸ್ ಮಾಡಿದ್ದು ಗೊತ್ತಾದ ದಿನವೇ, ಗ್ರಾಹಕ ಕೇಳಲಿ ಬಿಡಲಿ, ರಿಟರ್ನ್ ಮೆಮೊ ಯಾರ ಕೈಗೆ ಹೋಯಿತೋ ಅವರ ಕೈಗೇ ಬ್ಯಾಂಕ್ ಪತ್ರ ಕಳಿಸಬೇಕು. ಮೆಮೊ ಯಾವ ಬ್ಯಾಂಕಿನ ಮೂಲಕ ಹೋಗಿತ್ತೋ ಅದರ ಮೂಲಕವೇ ಕಳಿಸಲಿ, ವಿಳಾಸ ಗೊತ್ತಿಲ್ಲ ಎಂಬ ನೆಪ ಬೇಡ. ಪತ್ರ ಉದ್ದವಿರಬೇಕಿಲ್ಲ. ಇಂಥ ನಂಬರಿನ, ಇಂಥ ತಾರೀಖಿನ ಚೆಕ್ಕನ್ನು ನಾವು ತಪ್ಪಾಗಿ ಹಿಂತಿರುಗಿಸಿದೆವು, ಖಾತೆಯಲ್ಲಿ ಹಣವಿತ್ತು, ಸಹಿ ಸರಿಯಾಗಿತ್ತು, ಚೆಕ್ ಬರೆದವರ ಕಡೆಯಿಂದ ಯಾವ ಲೋಪವೂ ಆಗಿಲ್ಲ ಎಂದಿದ್ದರೆ ಸಾಕು. ಗ್ರಾಹಕ ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲೇ ಬರೆಯಲಿ, ಕೆಳಗೆ ಮ್ಯಾನೇಜರ್ ಹೆಸರು, ಸಹಿ, ಶಾಖೆಯ ಸೀಲು ಇರಲಿ.